ಕ್ಲೈಂಟ್‌ಗಳ ಲೋಗೋ, ಫಾಂಟ್, ಬಣ್ಣದ ಫೈಲ್‌ಗಳನ್ನು ನೀವು ಹೇಗೆ ಜೋಡಿಸಿ ಇಡುತ್ತೀರಿ?

ಪ್ರಶ್ನೆ | ಫ್ರೀಲಾನ್ಸ್ ಡಿಸೈನರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಮನೆಯಿಂದಲೇ ಡಿಸೈನ್ ಕೆಲಸ ಮಾಡುತ್ತೇನೆ. ಮೂರೂವರೆ ವರ್ಷ ಆಯಿತು. ಮೊನ್ನೆ ಕೂತು ಎಣಿಸಿದೆ, 34 ಕ್ಲೈಂಟ್‌ಗಳು. ಮಂಡಿಪೇಟೆಯ ಕಿರಾಣಿ ಸಗಟು ಅಂಗಡಿ, ಪಿ.ಜೆ. ಬಡಾವಣೆಯ ಒಂದು ಕ್ಲಿನಿಕ್, ಎರಡು ಬೆಣ್ಣೆ ದೋಸೆ ಹೋಟೆಲ್, ಟ್ಯೂಷನ್ ಸೆಂಟರ್, ಸೀರೆ ಅಂಗಡಿ, ಹೀಗೆ. ಮೊದಲು ಲೋಗೋ ಅಂತ ಬರುತ್ತಾರೆ. ಆಮೇಲೆ ವಿಸಿಟಿಂಗ್ ಕಾರ್ಡ್, ಬಿಲ್ ಬುಕ್, ಬೋರ್ಡ್, ಇನ್‌ಸ್ಟಾಗ್ರಾಂ ಪೋಸ್ಟ್, ಮದುವೆ ಸೀಸನ್‌ನಲ್ಲಿ ಆಫರ್ ಪಾಂಪ್ಲೆಟ್, ಎಲ್ಲಾ ನನ್ನ ಹತ್ತಿರವೇ.

ಕೆಲಸಕ್ಕೆ ಕೊರತೆ ಇಲ್ಲ. ತೊಂದರೆ ಇರುವುದು ಫೈಲ್‌ಗಳಲ್ಲಿ. ಒಬ್ಬರ ಲೋಗೋ ಡೆಸ್ಕ್‌ಟಾಪ್ ಮೇಲೆ, ಇನ್ನೊಬ್ಬರದು ಡೌನ್‌ಲೋಡ್ ಫೋಲ್ಡರ್‌ನಲ್ಲಿ, ಮತ್ತೊಬ್ಬರದು ಹಳೆಯ ಪೆನ್‌ಡ್ರೈವ್‌ನಲ್ಲಿ, ಉಳಿದದ್ದು ವಾಟ್ಸಾಪ್ ಚಾಟ್‌ನಲ್ಲಿ. ಒಂದೇ ಲೋಗೋಗೆ 'ಫೈನಲ್', 'ಫೈನಲ್ 2', 'ಫೈನಲ್ ಹೊಸದು', 'ಪ್ರಿಂಟ್ ಫೈನಲ್' ಅಂತ ನಾಲ್ಕು ಫೈಲ್.

ಹೋದ ತಿಂಗಳು ಇದರಿಂದ ಏಟು ಬಿತ್ತು. ಒಂದು ಬೇಕರಿಯವರು ಎರಡನೇ ಅಂಗಡಿ ತೆರೆದರು. ಅವರ ಲೋಗೋದಲ್ಲಿ ಮೊದಲು ಇಂಗ್ಲಿಷ್ ದೊಡ್ಡದು, ಕನ್ನಡ ಸಣ್ಣದಾಗಿ ಕೆಳಗಿತ್ತು. 2024ರಲ್ಲಿ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಅಂತ ಕಾನೂನು ತಿದ್ದುಪಡಿ ಆಯಿತಲ್ಲ, ಆಗ ನಾನೇ ಕೂತು ಕನ್ನಡ ಮೇಲೆ ಬರುವ ಹಾಗೆ ಹೊಸದಾಗಿ ಬರೆದು ಕೊಟ್ಟಿದ್ದೆ. ಈಗ ಹೊಸ ಅಂಗಡಿಗೆ 12 ಅಡಿ ಉದ್ದ, 4 ಅಡಿ ಎತ್ತರದ ಬೋರ್ಡ್. ರಾತ್ರಿ 11 ಗಂಟೆಗೆ ಫೈಲ್ ಬೇಕು ಅಂದರು, ಹುಡುಕಿದೆ, ಸಿಕ್ಕಿದ್ದನ್ನು ಕಳುಹಿಸಿದೆ. ಅದು ಹಳೆಯ ಲೋಗೋ. ಬೆಳಿಗ್ಗೆ ಬೋರ್ಡ್ ಏರಿಸಿದ ಮೇಲೆ ಗೊತ್ತಾಯಿತು. ಮರುದಿನ ಪೂಜೆ ಇತ್ತು. ಮತ್ತೆ ಪ್ರಿಂಟ್ ಹಾಕಿಸಿದ ಖರ್ಚಿನಲ್ಲಿ ಅರ್ಧ ನಾನು ಕೊಟ್ಟೆ. ಅವರು ಬೈಯಲಿಲ್ಲ. ಆದರೆ ಆ ಮನೆಯ ಹಿರಿಯರು ಬೋರ್ಡ್ ನೋಡುತ್ತಾ ನಿಂತಿದ್ದ ರೀತಿ ನನಗೆ ಇನ್ನೂ ಮರೆತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಒಬ್ಬರೇ ಕೆಲಸ ಮಾಡುವವರು ಇದನ್ನು ಹೇಗೆ ನಿಭಾಯಿಸುತ್ತೀರಿ? ದೊಡ್ಡ ಕಂಪನಿಗಳು ಬಳಸುವ ದುಬಾರಿ ಸಾಫ್ಟ್‌ವೇರ್ ನನಗೆ ಬೇಡ. ಫೋಲ್ಡರ್ ಹೇಗೆ ಮಾಡುತ್ತೀರಿ, ಹೆಸರು ಹೇಗೆ ಇಡುತ್ತೀರಿ, ಕ್ಲೈಂಟ್‌ಗೆ ಏನೇನು ಕೊಡುತ್ತೀರಿ, ಇದನ್ನು ಬಿಡಿಸಿ ಹೇಳಿ. ಕನ್ನಡ ಫಾಂಟ್ ವಿಷಯದಲ್ಲಂತೂ ನನಗೆ ಪೂರ್ತಿ ಗೊಂದಲ ಇದೆ.

ಉತ್ತರ 1 | ಡಿಸೈನರ್, ದಾವಣಗೆರೆ, 11 ವರ್ಷದ ಅನುಭವ

ನಿಮ್ಮ ಬೋರ್ಡಿನ ಕಥೆ ಓದಿ ಬೇಜಾರಾಯಿತು. ನನಗೂ ಬೇರೆ ರೂಪದಲ್ಲಿ ಇದೇ ಆಗಿದೆ. ಒಂದು ಮಾತು ಮೊದಲೇ ಹೇಳುತ್ತೇನೆ. ನಿಮಗೆ ಫೋಲ್ಡರ್ ಕಡಿಮೆಯಾಗಿ ಹೀಗಾಗಲಿಲ್ಲ. 'ಈಗ ಚಾಲ್ತಿಯಲ್ಲಿ ಇರುವ ಲೋಗೋ ಯಾವುದು' ಅನ್ನುವುದಕ್ಕೆ ನಿಮ್ಮ ಕಂಪ್ಯೂಟರ್‌ನಲ್ಲಿ ಒಂದೇ ಒಂದು ಜಾಗ ಇಲ್ಲ, ಅದಕ್ಕೆ ಹೀಗಾಯಿತು. ರಾತ್ರಿ 11ಕ್ಕೆ ನಿದ್ದೆಗಣ್ಣಲ್ಲಿ ಹುಡುಕಿದರೂ ತಪ್ಪು ಫೈಲ್ ಕೈಗೆ ಸಿಗಬಾರದು, ಅಷ್ಟು ಮಾಡಿಕೊಂಡರೆ ಸಾಕು.

ನಾನು ಮಾಡುವುದು ಹೀಗೆ. ಒಬ್ಬ ಕ್ಲೈಂಟ್‌ಗೆ ಒಂದು ಫೋಲ್ಡರ್. ಒಳಗೆ ಐದೇ ಐದು. ಒಂದರಲ್ಲಿ ಅವರು ಕೊಟ್ಟದ್ದು, ಅಂದರೆ ಫೋಟೋ, ಹಳೆಯ ಕಾರ್ಡ್, ವಾಟ್ಸಾಪ್‌ನಲ್ಲಿ ಬಂದ ವಿಳಾಸ. ಎರಡನೆಯದು ಮೂಲ, ಇಲ್ಲಿ ಇಲ್ಲಸ್ಟ್ರೇಟರ್ ಅಥವಾ ಕೋರೆಲ್ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನ ಫೈಲ್, ನಾನು ತಿದ್ದುವುದು ಇದನ್ನು ಮಾತ್ರ. ಮೂರನೆಯದು ಚಾಲ್ತಿ. ಹೊರಗೆ ಕಳುಹಿಸುವ ಲೋಗೋ ಇಲ್ಲಿಂದ ಮಾತ್ರ ಹೋಗಬೇಕು, ಬೇರೆ ಯಾವ ಜಾಗದಿಂದಲೂ ಹೋಗಬಾರದು. ನಾಲ್ಕನೆಯದು ಕೆಲಸಗಳು, ಪ್ರತಿ ಕೆಲಸಕ್ಕೆ ದಿನಾಂಕದ ಒಂದು ಫೋಲ್ಡರ್. ಐದನೆಯದು ಹಳೆಯದು. ಲೋಗೋ ಬದಲಾದ ದಿನವೇ, ಅದೇ ಹೊತ್ತಿಗೆ, ಚಾಲ್ತಿಯಲ್ಲಿ ಇದ್ದದ್ದನ್ನು ಹಳೆಯದಕ್ಕೆ ಸಾಗಿಸಿ. ನಾಳೆ ಮಾಡೋಣ ಅಂದರೆ ಮಾಡುವುದಿಲ್ಲ. ಅಳಿಸಬೇಡಿ ಮಾತ್ರ, ಯಾಕೆಂದರೆ ಎರಡು ವರ್ಷ ಬಿಟ್ಟು ಹಳೆಯ ಲೋಗೋನೇ ಚೆನ್ನಾಗಿತ್ತು ಅಂತ ಬರುವವರು ಇದ್ದಾರೆ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಅಲ್ವಾ, ನನಗೆ ಜಾತ್ರೆಗೆ ಜಾತ್ರೆಗೆ ಮಾತ್ರ ಫೋನ್ ಮಾಡುವ ಕ್ಲೈಂಟ್‌ಗಳು ಆರು ಜನ. 'ಹೋದ ಸಲದ್ದು ಇದೆಯಲ್ಲಾ, ಅದೇ ಹಾಕಿ' ಅನ್ನುತ್ತಾರೆ. ಇರಬೇಕು.

ಹೆಸರಿನ ವಿಷಯ. 'ಫೈನಲ್' ಅನ್ನುವ ಪದವನ್ನೇ ಬಿಟ್ಟುಬಿಡಿ. ಕ್ಲೈಂಟ್, ಏನು, ಯಾವ ರೂಪ, ಯಾವ ಬಣ್ಣ, ಎಷ್ಟನೇ ಆವೃತ್ತಿ, ಈ ಕ್ರಮದಲ್ಲಿ ಇಡಿ. ದಿನಾಂಕ ಬರೆಯುವಾಗ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ಹಾಗೆ ಬರೆದರೆ ಕಂಪ್ಯೂಟರ್ ತಾನೇ ಸಾಲಾಗಿ ಜೋಡಿಸುತ್ತದೆ. ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಕನ್ನಡದ ಮೇಲೆ ನನಗೆ ಪ್ರೀತಿ ಇದೆ, ಆದರೆ ಕನ್ನಡ ಹೆಸರಿನ ಫೈಲ್‌ಗಳನ್ನು ಜಿಪ್ ಮಾಡಿ ಕಳುಹಿಸಿದಾಗ ಕೆಲವು ಹಳೆಯ ಸಾಫ್ಟ್‌ವೇರ್‌ನಲ್ಲಿ ಹೆಸರು ಕಲಸಿಹೋಗುತ್ತದೆ, ಪ್ರೆಸ್‌ನವರು ಪರದಾಡುತ್ತಾರೆ.

ಚಾಲ್ತಿ ಫೋಲ್ಡರ್‌ನಲ್ಲಿ ಏನಿರಬೇಕು? ಪೂರ್ತಿ ಬಣ್ಣದ ಲೋಗೋ, ಒಂದೇ ಬಣ್ಣದ ಕಪ್ಪು ಲೋಗೋ, ಗಾಢ ಹಿನ್ನೆಲೆಗೆ ಬಿಳಿ ಲೋಗೋ. ಅಡ್ಡ ಉದ್ದದ್ದು ಒಂದು, ಮೇಲೆ ಕೆಳಗೆ ಜೋಡಿಸಿದ್ದು ಒಂದು, ಬರೀ ಚಿಹ್ನೆ ಒಂದು. ವಾಟ್ಸಾಪ್ ಡಿಪಿ ದುಂಡಗೆ ಕತ್ತರಿಸುತ್ತದೆ, ಅದಕ್ಕೆ ಚೌಕದಲ್ಲಿ ಸುತ್ತ ಜಾಗ ಬಿಟ್ಟು ಬೇರೆಯೇ ಒಂದು. ಒಂದೇ ಬಣ್ಣದ್ದನ್ನು ಯಾರೂ ಮೊದಲು ಕೇಳುವುದಿಲ್ಲ. ಆದರೆ ಬಿಲ್ ಬುಕ್ ಮತ್ತು ರಬ್ಬರ್ ಸ್ಟ್ಯಾಂಪ್ ಮಾಡಿಸುವ ದಿನ ಅದೇ ಬೇಕು. ಪ್ರಿಂಟ್‌ಗೆ ಪಿಡಿಎಫ್, ವೆಬ್‌ಸೈಟ್‌ಗೆ ಎಸ್‌ವಿಜಿ, ಮೊಬೈಲ್‌ಗೆ ಹಿನ್ನೆಲೆ ಇಲ್ಲದ ಪಿಎನ್‌ಜಿ. ಇಷ್ಟಕ್ಕೆ ನಿಲ್ಲಿಸಿ.

ಇನ್ನೊಂದು, ಇದನ್ನು ಮಾತ್ರ ಬಿಡಲೇಬೇಡಿ. ಪ್ರತಿ ಕ್ಲೈಂಟ್‌ಗೆ ಒಂದು ಸಾದಾ ಟೆಕ್ಸ್ಟ್ ಫೈಲ್ ಇಡಿ. ಅಂಗಡಿಯ ಹೆಸರು ಯೂನಿಕೋಡ್ ಕನ್ನಡದಲ್ಲಿ (ಫಾಂಟ್ ಬದಲಾದರೂ ಅಕ್ಷರ ಕೆಡದ ಕನ್ನಡ ಟೈಪಿಂಗ್) ಅವರು ಹೇಗೆ ಬರೆಯುತ್ತಾರೋ ಹಾಗೆ, 'ಶ್ರೀ' ಇದೆಯೋ ಇಲ್ಲವೋ, ವಿಳಾಸ, ಫೋನ್, ಬಣ್ಣದ ಅಂಕಿಗಳು, ಫಾಂಟ್ ಹೆಸರು. ನಮ್ಮ ಊರಿನ ಹೆಸರನ್ನೇ ನೋಡಿ, ಇಂಗ್ಲಿಷ್‌ನಲ್ಲಿ 'ಣ' ಆದ ಮೇಲೆ ಕೆಲವರು ಒಂದು 'ಎ' ಹಾಕುತ್ತಾರೆ, ಕೆಲವರು ಬಿಡುತ್ತಾರೆ. ಒಂದೇ ಅಂಗಡಿಯ ಕಾರ್ಡ್‌ನಲ್ಲಿ ಒಂದು ಥರ, ಬೋರ್ಡಿನಲ್ಲಿ ಇನ್ನೊಂದು ಥರ ಇದ್ದದ್ದನ್ನು ನಾನೇ ನೋಡಿದ್ದೇನೆ. ಟೆಕ್ಸ್ಟ್ ಫೈಲ್‌ನಿಂದ ಕಾಪಿ ಮಾಡಿದರೆ ಆ ತಪ್ಪು ಬರುವುದಿಲ್ಲ.

ಉತ್ತರ 2 | ಆಫ್‌ಸೆಟ್ ಮತ್ತು ಫ್ಲೆಕ್ಸ್ ಪ್ರಿಂಟಿಂಗ್ ಕೆಲಸ, ಚಿತ್ರದುರ್ಗ

ನಾನು ಡಿಸೈನರ್ ಅಲ್ಲ, ಪ್ರೆಸ್‌ನಲ್ಲಿ ಫೈಲ್ ತೆರೆಯುವವನು. ನಿಮ್ಮ ಫೈಲ್‌ಗಳು ನಮ್ಮ ಕಡೆ ಬಂದಾಗ ಏನಾಗುತ್ತದೆ ಅಂತ ಹೇಳುತ್ತೇನೆ.

ಕನ್ನಡ ಫಾಂಟ್ ಗೊಂದಲ ಅಂದಿರಿ. ನುಡಿಯಂಥ ಸಾಫ್ಟ್‌ವೇರ್‌ನ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಕನ್ನಡ ಕಾಣಿಸುತ್ತದೆ ಅಷ್ಟೇ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಗೀಚು. ಯೂನಿಕೋಡ್‌ನಲ್ಲಿ ಹಾಗಲ್ಲ, ಫಾಂಟ್ ಬದಲಾದರೂ ಅಕ್ಷರ ಉಳಿಯುತ್ತದೆ. ಆದರೆ ಅದರಲ್ಲೂ ಒಂದು ಅಪಾಯ ಇದೆ. ಇಲ್ಲಸ್ಟ್ರೇಟರ್ ಮತ್ತು ಫೋಟೋಶಾಪ್‌ನಲ್ಲಿ ಭಾರತೀಯ ಭಾಷೆಗಳ ಸೆಟ್ಟಿಂಗ್ ಆನ್ ಮಾಡದಿದ್ದರೆ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬಂದು ನಿಲ್ಲುತ್ತವೆ. 'ಅಕ್ಕ' ಅಂತ ಬರೆದರೆ 'ಅಕ್‌ಕ' ಅಂತ ಬರುತ್ತದೆ. ಕನ್ನಡ ಓದಲು ಬಾರದ ಆಪರೇಟರ್ ಇದ್ದರೆ ಅದು ಹಾಗೇ ಪ್ರಿಂಟ್ ಆಗಿಬಿಡುತ್ತದೆ.

ಆದ್ದರಿಂದ ಪ್ರೆಸ್‌ಗೆ ಕೊಡುವ ಫೈಲ್ ಯಾವಾಗಲೂ ಕರ್ವ್ ಮಾಡಿ ಕೊಡಿ, ಅಂದರೆ ಟೈಪ್ ಮಾಡಿದ ಅಕ್ಷರಗಳನ್ನು ಫಾಂಟ್ ಬೇಡದ ಆಕಾರಗಳಾಗಿ ಬದಲಾಯಿಸಿ ಕೊಡಿ. ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ, ಇಲ್ಲಸ್ಟ್ರೇಟರ್‌ನಲ್ಲಿ ಕಂಟ್ರೋಲ್ ಶಿಫ್ಟ್ ಓ. ಆದರೆ ಕರ್ವ್ ಮಾಡುವ ಮೊದಲು ಇನ್ನೊಂದು ಪ್ರತಿ ಇಟ್ಟುಕೊಳ್ಳಿ, ಕರ್ವ್ ಆದ ಮೇಲೆ ಅಕ್ಷರ ತಿದ್ದಲು ಆಗುವುದಿಲ್ಲ. ಮೇಲಿನವರು ಹೇಳಿದ ಮೂಲ ಮತ್ತು ಚಾಲ್ತಿ ಫೋಲ್ಡರ್‌ಗಳು ಇಲ್ಲಿ ಸರಿಯಾಗಿ ಹೊಂದುತ್ತವೆ. ಮೂಲದಲ್ಲಿ ಟೈಪ್ ಮಾಡಿದ ಅಕ್ಷರ, ಚಾಲ್ತಿಯಲ್ಲಿ ಕರ್ವ್.

ವಿನೈಲ್ ಕಟಿಂಗ್‌ಗೆ ಅಥವಾ ಅಕ್ಷರ ಕೊರೆಯುವ ಬೋರ್ಡ್‌ಗೆ ಕೊಡುವಾಗ ಇನ್ನೊಂದು ಹೆಜ್ಜೆ ಇದೆ. ಕನ್ನಡ ಅಕ್ಷರದಲ್ಲಿ ಕೊಂಬು, ಒತ್ತು, ದೀರ್ಘ ಒಂದರ ಮೇಲೆ ಒಂದು ಕೂತಿರುತ್ತವೆ. ಪರದೆಯ ಮೇಲೆ ಒಂದೇ ಅಕ್ಷರ ಥರ ಕಾಣುತ್ತದೆ, ಯಂತ್ರ ಮಾತ್ರ ಪ್ರತಿ ಗೆರೆಯನ್ನೂ ಕತ್ತರಿಸುತ್ತದೆ. ಅಕ್ಷರದ ಮಧ್ಯದಲ್ಲೇ ಬ್ಲೇಡ್ ಓಡುತ್ತದೆ. ಕರ್ವ್ ಆದ ಮೇಲೆ ವೆಲ್ಡ್ ಮಾಡಿ, ಎಲ್ಲಾ ತುಂಡು ಸೇರಿ ಒಂದೇ ಹೊರಗೆರೆ ಆಗಬೇಕು. ಗೆರೆ ಮಾತ್ರ ಕಾಣುವ ನೋಟಕ್ಕೆ ಬದಲಾಯಿಸಿ ನೋಡಿದರೆ ಸೇರಿದೆಯೋ ಇಲ್ಲವೋ ಗೊತ್ತಾಗುತ್ತದೆ. ಇದನ್ನು ಚಾಲ್ತಿ ಫೋಲ್ಡರ್‌ನಲ್ಲಿ 'ಕಟಿಂಗ್' ಅಂತ ಬೇರೆಯೇ ಇಡಿ. ಕನ್ನಡ ಲೋಗೋ ಮಾಡುವ ಎಲ್ಲರೂ ಇದನ್ನು ಒಂದು ಸಲ ಮಾಡಿ ಇಟ್ಟರೆ ನಮ್ಮ ಹುಡುಗರ ಎಷ್ಟೋ ರಾತ್ರಿ ಉಳಿಯುತ್ತದೆ.

ಬಣ್ಣ. ಮಾನಿಟರ್ ಆರ್‌ಜಿಬಿ, ಪ್ರೆಸ್ ಸಿಎಂವೈಕೆ. ಅಂದರೆ ಮಾನಿಟರ್‌ನಲ್ಲಿ ಕೆಂಪು, ಹಸಿರು, ನೀಲಿ ಬೆಳಕು, ಪ್ರೆಸ್‌ನಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿ. ಪರದೆಯ ಮೇಲೆ ಹೊಳೆಯುವ ಗಿಳಿ ಹಸಿರು ಮತ್ತು ಕಿತ್ತಳೆ ಕಾಗದದ ಮೇಲೆ ಮಂಕಾಗುತ್ತವೆ, ಅದು ಪ್ರೆಸ್‌ನ ತಪ್ಪಲ್ಲ, ಶಾಯಿಗೆ ಆ ಬಣ್ಣ ಬರುವುದಿಲ್ಲ. ಕ್ಲೈಂಟ್‌ಗೆ 'ಅರಿಶಿನ ಬಣ್ಣ' ಅಂತ ಬಾಯಲ್ಲಿ ಹೇಳಬೇಡಿ, ಮಜೆಂಟಾ 25, ಹಳದಿ 95 ಅಂತ ಅಂಕಿ ಬರೆದಿಡಿ. ಮೊದಲ ಪ್ರಿಂಟ್ ಒಪ್ಪಿಗೆಯಾದರೆ ಆ ಕಾಗದದ ಒಂದು ತುಂಡನ್ನೇ ಕವರ್‌ನಲ್ಲಿ ಹಾಕಿ ಇಟ್ಟುಕೊಳ್ಳಿ. ಮುಂದಿನ ಸಲ ನಾವು ಅದನ್ನು ಪಕ್ಕದಲ್ಲಿಟ್ಟು ಶಾಯಿ ಹೊಂದಿಸುತ್ತೇವೆ. ಸಣ್ಣ ಕಪ್ಪು ಅಕ್ಷರಕ್ಕೆ ಕಪ್ಪು 100 ಮಾತ್ರ ಕೊಡಿ. ನಾಲ್ಕೂ ಬಣ್ಣ ಸೇರಿಸಿದ ಕಪ್ಪು ಕೊಟ್ಟರೆ ಪ್ಲೇಟ್ ಒಂದು ಕೂದಲಷ್ಟು ಸರಿದರೂ ಅಕ್ಷರಕ್ಕೆ ಬಣ್ಣದ ಅಂಚು ಬರುತ್ತದೆ.

ಕೋರೆಲ್ ಫೈಲ್ ಕೊಡುವಾಗ ಯಾವ ವರ್ಷನ್ ಬೇಕು ಅಂತ ಕೇಳಿ. ನಿಮ್ಮ ಹೊಸ ವರ್ಷನ್ ಫೈಲ್ ನಮ್ಮ ಹಳೆಯದರಲ್ಲಿ ತೆರೆಯುವುದೇ ಇಲ್ಲ. ಮತ್ತೆ ದಯವಿಟ್ಟು ವಾಟ್ಸಾಪ್‌ನಲ್ಲಿ ಫೋಟೋ ಥರ ಕಳುಹಿಸಬೇಡಿ, ಡಾಕ್ಯುಮೆಂಟ್ ಥರ ಕಳುಹಿಸಿ. ಫೋಟೋ ಆಗಿ ಹೋದರೆ ಅದು ಕುಗ್ಗಿಬಿಡುತ್ತದೆ.

ಕೊನೆಯದಾಗಿ, ಕ್ಲೈಂಟ್‌ಗೆ ಎಲ್ಲಾ ಫೈಲ್ ಕೊಟ್ಟುಬಿಡಿ, ಮೂಲ ಸಮೇತ. ಡಿಸೈನರ್ ಫೋನ್ ಎತ್ತದೆ ಕಣ್ಣೀರು ಹಾಕಿಕೊಂಡು ನಮ್ಮ ಕೌಂಟರ್ ಮುಂದೆ ನಿಂತವರನ್ನು ನಾನು ನೋಡಿದ್ದೇನೆ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ವೆಲ್ಡ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಒಂದು ಕ್ಲಿನಿಕ್‌ನ ಗಾಜಿನ ಬಾಗಿಲ ಮೇಲೆ ಅಕ್ಷರ ಎಲ್ಲಾ ಸೀಳಿದ್ದು ಯಾಕೆ ಅಂತ ಈಗ ಅರ್ಥ ಆಯಿತು.

ಎರಡು ಅನುಮಾನ. ಮೂಲ ಫೈಲ್ ಕೊಡಬೇಕಾ? ಕೊಟ್ಟರೆ ಮುಂದಿನ ಕೆಲಸ ಬೇರೆಯವರ ಹತ್ತಿರ ಹೋಗುತ್ತದಲ್ಲಾ ಅಂತ ನನಗೆ ಭಯ. ಇನ್ನೊಂದು, ಈ 34 ಜನರ ಹಳೆಯ ರಾಶಿಯನ್ನು ಎಲ್ಲಿಂದ ಶುರು ಮಾಡಲಿ? ನೋಡಿದರೇ ಸುಸ್ತಾಗುತ್ತದೆ.

ಉತ್ತರ 3 | ಪ್ಯಾಕೇಜಿಂಗ್ ಡಿಸೈನರ್, ಚಳ್ಳಕೆರೆ

ನನ್ನ ಕೆಲಸ ಜಾಸ್ತಿ ಎಣ್ಣೆ, ಶೇಂಗಾ ಚಟ್ನಿಪುಡಿ, ಮಸಾಲೆ ಪ್ಯಾಕೆಟ್‌ಗಳದ್ದು. ಅದಕ್ಕೆ ಸ್ವಲ್ಪ ಬೇರೆ ಕಡೆಯಿಂದ ಹೇಳುತ್ತೇನೆ.

ಮೂಲ ಫೈಲ್ ಕೊಡಬೇಕೋ ಬೇಡವೋ ಅನ್ನುವುದನ್ನು ಕೆಲಸ ಮುಗಿದ ಮೇಲೆ ಯೋಚಿಸಬೇಡಿ, ಮುಂಗಡ ತೆಗೆದುಕೊಳ್ಳುವ ದಿನವೇ ಬರೆಯಿರಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿ ಮಾಡಿ ಆಗಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ. ಎಲ್ಲಿ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ. ನಮ್ಮ ಕಡೆಯ ಅಂಗಡಿಯವರಿಗೆ ಇದು ಗೊತ್ತಿಲ್ಲ, ದುಡ್ಡು ಕೊಟ್ಟೆವು, ಲೋಗೋ ನಮ್ಮದು ಅಂದುಕೊಂಡಿರುತ್ತಾರೆ. ನಾನು ಕನ್ನಡದಲ್ಲೇ ಒಂದು ಪುಟ ಬರೆದಿದ್ದೇನೆ. ಪೂರ್ತಿ ಹಣ ಬಂದ ದಿನ ಲೋಗೋ ಶಾಶ್ವತವಾಗಿ, ಎಲ್ಲಾ ಕಡೆಗೂ ಅವರದ್ದು ಅಂತ ಅದರಲ್ಲಿ ಇದೆ, ಇಬ್ಬರೂ ಸಹಿ ಹಾಕುತ್ತೇವೆ. ಲೋಗೋದ ಮೂಲ ಕೊಡುತ್ತೇನೆ. ಪೋಸ್ಟರ್, ಬ್ರೋಷರ್‌ನ ಮೂಲ ಬೇಕಾದರೆ ಬೇರೆ ಬೆಲೆ. ಲೋಗೋ ಕೊಟ್ಟದ್ದಕ್ಕೆ ಯಾರೂ ಬಿಟ್ಟು ಹೋಗಲಿಲ್ಲ. ಕೇಳಿದ ತಕ್ಷಣ ಸರಿಯಾದ ಫೈಲ್ ಸಿಗುತ್ತದೆ ಅಂತಲೇ ವಾಪಸ್ ಬರುತ್ತಾರೆ.

ಫಾಂಟ್ ಮಾತ್ರ ನೋಡಿ ಕೊಡಿ. ದುಡ್ಡು ಕೊಟ್ಟು ತೆಗೆದುಕೊಂಡ ಫಾಂಟ್‌ನ ಲೈಸೆನ್ಸ್ ನಿಮ್ಮ ಹೆಸರಲ್ಲಿ ಇರುತ್ತದೆ, ಅದನ್ನು ಜಿಪ್‌ನಲ್ಲಿ ಹಾಕಿ ಹಂಚುವ ಹಾಗಿಲ್ಲ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ, ಇಂಥವು ಓಪನ್ ಫಾಂಟ್ ಲೈಸೆನ್ಸ್‌ನವು, ಕ್ಲೈಂಟ್‌ಗೆ ಧಾರಾಳವಾಗಿ ಕೊಡಬಹುದು. ಅದಕ್ಕೇ ನಾನು ಲೋಗೋದ ಅಕ್ಷರ ಕೈಯಲ್ಲಿ ಬರೆದರೂ, ದಿನನಿತ್ಯದ ಬಳಕೆಗೆ ಇಂಥದ್ದೇ ಒಂದು ಫಾಂಟ್ ಆರಿಸುತ್ತೇನೆ.

ತಿನ್ನುವ ಪದಾರ್ಥದ ಪ್ಯಾಕೆಟ್ ಮಾಡುವವರು ಇನ್ನೊಂದು ಫೋಲ್ಡರ್ ಇಟ್ಟುಕೊಳ್ಳಿ. ಅದರಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್‌ನ 14 ಅಂಕಿಯ ಸಂಖ್ಯೆ, ಬಾರ್‌ಕೋಡ್, ಹಸಿರು ಚೌಕದೊಳಗೆ ಹಸಿರು ಚುಕ್ಕಿಯ ಸಸ್ಯಾಹಾರ ಗುರುತು, ತೂಕ, ತಯಾರಕರ ವಿಳಾಸ. ಇವನ್ನು ಹಳೆಯ ಪ್ಯಾಕೆಟ್‌ನಿಂದ ಕಾಪಿ ಮಾಡಬೇಡಿ. ಒಬ್ಬರ ಲೈಸೆನ್ಸ್ ಸಂಖ್ಯೆ ಬದಲಾಗಿತ್ತು, ನಾನು ಹಳೆಯ ಲೇಬಲ್ ತೆರೆದು ಬಣ್ಣ ಮಾತ್ರ ಬದಲಾಯಿಸಿ ಕೊಟ್ಟೆ. ಪೌಚ್‌ಗಳ ಪ್ರಿಂಟಿಂಗ್‌ಗೆ ಬಣ್ಣಕ್ಕೊಂದು ಸಿಲಿಂಡರ್ ಕೆತ್ತುತ್ತಾರಲ್ಲ, ಕೆತ್ತುವ ಮೊದಲು ಯಜಮಾನರ ಮಗಳು ಅಂಕಿ ಓದಿ ನೋಡಿದ್ದರಿಂದ ಉಳಿಯಿತು. ಅಂದಿನಿಂದ ಪ್ರತಿ ಪ್ರಿಂಟ್‌ಗೂ ಮೊದಲು ಲೈಸೆನ್ಸ್‌ನ ಹೊಸ ಪ್ರತಿ ಕೇಳಿ, ಅಂಕಿಗೆ ಅಂಕಿ ಹೊಂದಿಸಿ, ಅವರಿಂದ 'ಸರಿ ಇದೆ' ಅಂತ ಬರೆಸಿಕೊಳ್ಳುತ್ತೇನೆ. ಆ ಉತ್ತರದ ಸ್ಕ್ರೀನ್‌ಶಾಟ್ ಕೂಡ ಆ ಕೆಲಸದ ಫೋಲ್ಡರ್‌ನಲ್ಲೇ ಇರುತ್ತದೆ.

ಉತ್ತರ 1ರವರು ಮತ್ತೆ

ಮೂಲ ಫೈಲ್ ವಿಷಯದಲ್ಲಿ ನಾನು ಇಷ್ಟು ವರ್ಷ ಕೊಡುತ್ತಿರಲಿಲ್ಲ. ಚಳ್ಳಕೆರೆಯವರ ಮಾತು ಓದಿದ ಮೇಲೆ ಲೋಗೋದ್ದು ಕೊಡುವುದೇ ಸರಿ ಅನ್ನಿಸುತ್ತಿದೆ. ಅದು ಅವರ ಅಂಗಡಿಯ ಮುಖ ಅಲ್ವಾ.

ಹಳೆಯ ರಾಶಿಗೆ ಹೆದರಬೇಡಿ. 34 ಜನರದ್ದನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳಬೇಡಿ. ಇವತ್ತಿನ ತನಕದ್ದನ್ನೆಲ್ಲ ಹಾಗೇ 'ಹಳೆಯ ರಾಶಿ' ಅನ್ನುವ ಒಂದೇ ಫೋಲ್ಡರ್‌ಗೆ ಹಾಕಿ. ಇನ್ನು ಮುಂದೆ ಯಾರು ಫೋನ್ ಮಾಡುತ್ತಾರೋ ಅವರದ್ದನ್ನು ಮಾತ್ರ ಆ ದಿನ ಹೊರಗೆ ತೆಗೆದು ಜೋಡಿಸಿ. ಮುಖ್ಯವಾದ ಐದಾರು ಜನರದ್ದನ್ನು ಮಾತ್ರ ಮುಂಚೆಯೇ ಮಾಡಿ. ಚಾಲ್ತಿ ಯಾವುದು ಅಂತ ನಿಮಗೇ ಅನುಮಾನ ಇದ್ದರೆ ಊಹೆ ಬೇಡ, ಎರಡನ್ನೂ ಕಳುಹಿಸಿ ಅವರನ್ನೇ ಕೇಳಿ.

ಬ್ಯಾಕಪ್ ಬಗ್ಗೆ ಯಾರೂ ಹೇಳಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಡ್ರೈವ್‌ನಲ್ಲಿ ಒಂದು. ಗೂಗಲ್ ಡ್ರೈವ್ ಉಚಿತವಾಗಿ ಕೊಡುವ 15 ಜಿಬಿಯಲ್ಲಿ ಜಿಮೇಲ್ ಮತ್ತು ಫೋಟೋಗಳೂ ಸೇರಿರುತ್ತವೆ, ಅದಕ್ಕೆ ಎಲ್ಲಾ ಹಾಕಲು ಹೋಗಬೇಡಿ. ಮೂಲ, ಚಾಲ್ತಿ, ಟೆಕ್ಸ್ಟ್ ಫೈಲ್ ಇಷ್ಟನ್ನು ಹಾಕಿದರೆ 34 ಜನರದ್ದೂ ಹಿಡಿಯುತ್ತದೆ. ಚಾಲ್ತಿ ಫೋಲ್ಡರ್‌ನ ಲಿಂಕ್ ಕ್ಲೈಂಟ್‌ಗೂ ಕೊಟ್ಟಿರಿ, ನೋಡಲು ಮತ್ತು ಇಳಿಸಿಕೊಳ್ಳಲು ಮಾತ್ರ.

ಪ್ರಶ್ನೆ ಕೇಳಿದವರು

ಎರಡು ವಾರ ಆಯಿತು, ಏನಾಯಿತು ಅಂತ ಹೇಳೋಣ ಅಂತ ಬಂದೆ. ಒಂಬತ್ತು ಕ್ಲೈಂಟ್‌ಗಳದ್ದು ಜೋಡಿಸಿ ಆಯಿತು. ಬೇಕರಿಯವರದ್ದೇ ಮೊದಲು ಮಾಡಿದೆ. ಟೆಕ್ಸ್ಟ್ ಫೈಲ್ ಬರೆಯುವಾಗ ಗೊತ್ತಾಯಿತು, ಅವರ ಬಿಲ್ ಬುಕ್‌ನಲ್ಲಿ ಇರುವ ಫೋನ್ ನಂಬರ್ ಹೋದ ವರ್ಷವೇ ಬದಲಾಗಿದೆಯಂತೆ, ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಿನ್ನೆ ಅಂಗಡಿಗೇ ಹೋಗಿ ಆ ಮನೆಯ ಹಿರಿಯರ ಫೋನ್‌ನಲ್ಲಿ ಚಾಲ್ತಿ ಫೋಲ್ಡರ್ ತೆರೆದು ತೋರಿಸಿದೆ. ಅವರು ಒಂದೊಂದೇ ಲೋಗೋ ದೊಡ್ಡದು ಮಾಡಿ ನೋಡಿದರು. ಕಟಿಂಗ್‌ನದ್ದು ಯಾಕೆ ಬರೀ ಗೆರೆ ಅಂತ ಕೇಳಿದರು, ಹೇಳಿದೆ. ಆಮೇಲೆ ಹಕ್ಕಿನ ಪುಟಕ್ಕೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಸಹಿ ಹಾಕಿದರು. ಡೆಲಿವರಿ ವ್ಯಾನ್‌ಗೆ ಹೆಸರು ಬರೆಸಬೇಕು, ಇದರಲ್ಲಿ ಯಾವುದನ್ನು ಕಳುಹಿಸಲಿ ಅಂತ ಕೇಳಿದ್ದಾರೆ. ಇವತ್ತು ಸಂಜೆ ವೆಲ್ಡ್ ಮಾಡಿದ ಫೈಲ್ ಕಳುಹಿಸುತ್ತಿದ್ದೇನೆ.